ಮುಚ್ಚಳ ಮುಚ್ಚಿದವರು ಯಾರು?

“ತಗೋರಿ. ಮತ್ತ ಸತ್ತೈತಿ.”

ರಾಜಶ್ರೀ ಲ್ಯಾಪ್‌ಟಾಪನ್ನು ಗಾಜಿನ ಕೌಂಟರಿನ ಮೇಲೆ ಇಟ್ಟ ರಭಸಕ್ಕೆ ಒಳಗೆ ಜೋಡಿಸಿದ್ದ ಚಾರ್ಜರುಗಳು ಅಲುಗಿದವು. ಸಿಂಧನೂರಿನ ಆ ಪುಟ್ಟ ರಿಪೇರಿ ಅಂಗಡಿಯಲ್ಲಿದ್ದ ನಾಲ್ಕು ಮಂದಿಯೂ ತಿರುಗಿ ನೋಡಿದರು.

ಅಂಗಡಿಯ ಚನ್ನವೀರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಮೂವತ್ತರ ಆಸುಪಾಸಿನ ಮನುಷ್ಯ. ಮಾತು ಕಡಿಮೆ.

“ಬರ್ರಿ ಮೇಡಂ. ಕುಂದರ್ರಿ.”

“ಕುಂದ್ರಾಕ ಬಂದಿಲ್ಲ. ಮಸ್ಕಿಯಿಂದ ಇದನ್ನ ಹೊತ್ಕೊಂಡು ಬಸ್ ಹತ್ತಿದ್ದು ಇದು ಮೂರನೇ ಸಲ. ಮೊದಲ್ನೇ ಸಲ ಫ್ಯಾನಿನ್ಯಾಗ ಧೂಳು ಅಂದ್ರಿ. ಎರಡನೇ ಸಲ ಮೂರು ದಿನ ಇಟ್ಕೊಂಡ್ರಿ. ಈಗ ಏನಂತೀರಿ?”

ಅವನು ಮುಚ್ಚಳ ತೆರೆದ. ಬಟನ್ ಒತ್ತಿದ. ಹಳೆಯ ಲ್ಯಾಪ್‌ಟಾಪ್ ಗೊರಗೊರ ಅಂತ ಎದ್ದು, ಏನೂ ಆಗಿಯೇ ಇಲ್ಲ ಎಂಬಂತೆ ಬೆಳಗಿತು. ಅವನು ನಾಲ್ಕು ಸಾಲು ಟೈಪ್ ಮಾಡಿ ನೋಡಿದ. ಒಂದು ವಿಡಿಯೋ ಹಾಕಿ ನೋಡಿದ. ಎಲ್ಲವೂ ಸರಿ.

ರಾಜಶ್ರೀಯ ಕಿವಿ ಬಿಸಿಯಾದವು. ‘ಇಲ್ಲಿಗೆ ಬಂದ ಕೂಡಲೇ ಒಳ್ಳೆಯದಾಗುತ್ತದೆ. ನನ್ನ ಮರ್ಯಾದೆ ಕಳೆಯಲಿಕ್ಕೇ ಹುಟ್ಟಿದೆ ಇದು...’

ಚನ್ನವೀರ ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು, ಅದರಲ್ಲಿ ಉದ್ದುದ್ದ ಸಾಲುಗಳನ್ನು ಮೇಲೆ ಕೆಳಗೆ ಓಡಿಸಿದ. ಲ್ಯಾಪ್‌ಟಾಪ್ ತನಗೆ ಏನೇನಾಯಿತೆಂದು ತಾನೇ ಬರೆದಿಟ್ಟುಕೊಳ್ಳುವ ದಿನಚರಿ ಅದು. ಒಂದು ಸಾಲಿನ ಮೇಲೆ ಬೆರಳಿಟ್ಟ. ಅವನ ಹುಬ್ಬು ಗಂಟಾಯಿತು.

“ನಿನ್ನೆ ಹನ್ನೊಂದೂ ನಲವತ್ತೆರಡಕ್ಕ ಮುಚ್ಚಳ ಮುಚ್ಚಿದ್ರೇನ್ರಿ?”

“ಇಲ್ಲ.”

“ಹನ್ನೆರಡೂ ಐದಕ್ಕ?”

“ಇಲ್ಲಂದ್ನಲ್ರೀ. ಟೈಪ್ ಮಾಡಾಕತ್ತಿದ್ದೆ. ಮುಚ್ಚಳ ಮುಚ್ಚಿ ಹೆಂಗ ಟೈಪ್ ಮಾಡ್ತಾರ?”

“ಇಲ್ಲಿ ಹಂಗ ಬರದೈತಿ. ಪ್ರತಿ ಸಲಾನೂ ಮೊದಲು ಮುಚ್ಚಳ ಮುಚ್ಚೈತಿ, ಆಮ್ಯಾಲ ಮಲಗೈತಿ. ಹಳೇದು ನೋಡ್ರಿ, ಒಮ್ಮೆ ಮಲಗಿದ್ರ ಏಳಂಗಿಲ್ಲ. ಆದ್ರ ಮುಚ್ಚಿದವರು ಯಾರಂತ...”

“ನಾ ಸುಳ್ಳು ಹೇಳಾಕತ್ತೀನೇನ್ರಿ?”

ದಿನಾ ಅಲ್ಲಿ ಪೇಪರ್ ಓದುತ್ತ ಕೂರುವ ದಪ್ಪ ಮೀಸೆಯವರೊಬ್ಬರು ಪೇಪರಿನ ಮರೆಯಿಂದಲೇ ಅಂದರು: “ಏನ್ಮಾಡ್ತೀಯಪ್ಪ ಚನ್ನವೀರ, ಬಂದು ಹೋಗಾಕ ಒಂದು ನೆಪ ಬೇಕಲ್ಲ.”

ಯಾರೋ ಕಿಸಕ್ಕೆಂದರು.

ರಾಜಶ್ರೀ ಚನ್ನವೀರನ ಮುಖ ನೋಡಿದಳು. ಒಂದು ಮಾತು. ಒಂದೇ ಒಂದು ಮಾತು ಅವನು ಆಡಿದ್ದರೆ ಸಾಕಿತ್ತು. ಅವನು ತಲೆ ತಗ್ಗಿಸಿದ. ಕುತ್ತಿಗೆಯವರೆಗೂ ಕೆಂಪಾದ. ಮಾತಾಡಲಿಲ್ಲ.

“ಮೂರು ದಿನ ಇಟ್ಕೊಂಡಿದ್ರಲ್ಲ, ಒಳಗಿಂದು ಏನ್ ಬದಲಿ ಮಾಡೀರಿ?” ಅವಳ ದನಿ ಈಗ ಬೀದಿಗೂ ಕೇಳುತ್ತಿತ್ತು. “ಚೊಲೋ ಪಾರ್ಟ್ ತಗದು ಕೆಟ್ಟದ್ದು ಹಾಕಿ, ಈಗ ಹೆಣ್ಮಗಳ ಮ್ಯಾಲ ಹಾಕಾಕತ್ತೀರಿ. ಕಳ್ಳರು ನೀವು.”

ಅವನ ಮುಖದ ಬಣ್ಣ ಇಳಿಯಿತು. ಅದನ್ನು ಅವಳು ನೋಡಿದಳು. ತಪ್ಪು ಮಾಡಿದವನ ಮುಖವದು, ಅನುಮಾನವೇ ಇಲ್ಲ ಎಂದುಕೊಂಡಳು. ಲ್ಯಾಪ್‌ಟಾಪ್ ಎತ್ತಿ ಚೀಲಕ್ಕೆ ತುರುಕಿ ಹೊರಗೆ ನಡೆದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಸಿಟ್ಟು ಆರಲಿಲ್ಲ. ಅವಳ ಸಿಟ್ಟು ಅವಳ ಊರು ಪಾಮನಕಲ್ಲೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು, ಅದು ಎಲ್ಲಿಂದ ಬಂತೆಂಬುದು.

ಅಪ್ಪ ತೀರಿಕೊಂಡಾಗ ರಾಜಶ್ರೀಗೆ ಹದಿನಾಲ್ಕು. ಹೊಲ ಅವ್ವನ ಹೆಸರಿಗಾಗಲು ಕೊಟ್ಟ ಅರ್ಜಿಯಲ್ಲಿ, ಟೈಪ್ ಮಾಡಿದವನು ‘ಸಂಗಮ್ಮ’ ಎಂಬುದನ್ನು ‘ಗಂಗಮ್ಮ’ ಎಂದು ಹೊಡೆದಿದ್ದ. ಒಂದು ಅಕ್ಷರ. ಆ ಒಂದು ಅಕ್ಷರ ತಿದ್ದಿಸಲು ಅವ್ವ ನಾಲ್ಕು ವರ್ಷ ಅಲೆದಳು. ಟೈಪ್ ಮಾಡಿದವನ ಹತ್ತಿರ ಹೋದರೆ, “ನೀನ ಹಂಗ ಹೇಳಿದ್ದಿ” ಅಂದಿದ್ದ.

ಡಿಗ್ರಿ ಮುಗಿಸಿ ರಾಜಶ್ರೀ ಮಸ್ಕಿಯಲ್ಲಿ ಸರಕಾರಿ ಕಚೇರಿಗಳ ಹತ್ತಿರ, ಬೇವಿನ ಮರದ ಕೆಳಗೆ ಅರ್ಜಿ ಟೈಪ್ ಮಾಡಿಕೊಡುವ ಒಂದು ಟೇಬಲ್ ಹಾಕಿದ್ದು ಅದಕ್ಕೇ. ಅರ್ಜಿ, ತಕರಾರು, ಒಪ್ಪಿಗೆ ಪತ್ರ... ಯಾರ ಹೆಸರಿನ ಒಂದು ಒತ್ತಕ್ಷರವೂ ಅವಳ ಕೈಯಲ್ಲಿ ತಪ್ಪಿರಲಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನಿಧಾನವಾಗಿ ತೆವಳತೊಡಗಿದಾಗ, ಲಿಂಗಸುಗೂರಿನ ಕಾಲೇಜಿನಲ್ಲಿ ಕಲಿತದ್ದನ್ನು ನೆನಪಿಸಿಕೊಂಡು, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ತಾನೇ ಅದಕ್ಕೆ ಹಾಕಿದ್ದಳು. ಹಳೆಯ ಯಂತ್ರ ಹೊಸದರಂತೆ ಓಡಿತ್ತು.

ಅದು ಕೈಕೊಡಲು ಶುರುವಾದಾಗ ಹೋದ ಅಂಗಡಿಗಳಲ್ಲೆಲ್ಲ ಒಂದೇ ಮಾತು: “ಈ ಲಿನಕ್ಸ್ ಗಿನಕ್ಸ್ ತಗೀರಿ, ಎಲ್ಲಾ ಸರಿ ಆಕೈತಿ.” ಚನ್ನವೀರ ಒಬ್ಬನೇ ಹಾಗೆನ್ನಲಿಲ್ಲ. ಪರದೆ ನೋಡಿ ಅವನ ಮುಖ ಅರಳಿತ್ತು. “ಯಾರು ಹಾಕಿಕೊಟ್ರು ಇದನ್ನ?” ಅಂದಿದ್ದ. “ನಾನ” ಅಂದಾಗ ಒಂದು ಕ್ಷಣ ಹೆಚ್ಚಾಗಿಯೇ ಅವಳನ್ನು ನೋಡಿದ್ದ.

ಆ ನೋಟವನ್ನು ಅವಳು ಎರಡು ವಾರ ಜೋಪಾನವಾಗಿ ಇಟ್ಟುಕೊಂಡಿದ್ದಳು.

‘ಅಂಥವನು ನಾಲ್ಕು ಮಂದಿಯ ಮುಂದೆ ತಲೆ ತಗ್ಗಿಸಿ ನಿಂತ...’ ಅದಕ್ಕೇ ಸಿಟ್ಟು ಇಷ್ಟು ಉರಿಯುತ್ತಿತ್ತು.

ಮರುದಿನ ಸರ್ದಾರಬಿ ಬಂದಳು. ಅರವತ್ತು ದಾಟಿದ ಒಂಟಿ ಹೆಂಗಸು. ಗಂಡ ಸತ್ತು ವರ್ಷವಾಗಿಲ್ಲ, ಮೈದುನ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದ. ತಕರಾರು ಸಲ್ಲಿಸಲು ಅಂದೇ ಕಡೆಯ ದಿನ. ಸಂಜೆ ಐದರೊಳಗೆ.

“ಯವ್ವಾ, ಇರೂದ ಒಂದ ಮನಿ. ಬರದುಕೊಡು.”

ರಾಜಶ್ರೀ ಟೈಪ್ ಮಾಡತೊಡಗಿದಳು. ಆರನೆಯ ಸಾಲಿಗೆ ಪರದೆ ಕಪ್ಪಾಯಿತು. ಬಟನ್ ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಿದಳು. ಎದ್ದೇಳಲು ಏಳು ನಿಮಿಷ. ಮೂರು ಸಾಲು ಮುಂದೆ ಹೋಯಿತು. ಮತ್ತೆ ಕಪ್ಪು. ಮೂರೂವರೆಯಾಯಿತು. ನಾಲ್ಕಾಯಿತು. ಸರ್ದಾರಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

ರಾಜಶ್ರೀ ಫೋನ್ ಎತ್ತಿದಳು.

“ಹಲೋ...”

“ಚನ್ನವೀರ ಅವರೇ, ನಿಮ್ಮ ಸಲುವಾಗಿ ಇಲ್ಲಿ ಒಬ್ಬಾಕಿ ಮನಿ ಹೋಗಾಕತ್ತೈತಿ. ಮುಚ್ಚಳ ನಾನ ಮುಚ್ಚೀನಿ ಅಂದ್ರಲ್ಲ? ಈಗ ಹೇಳ್ರಿ, ಯಾರು ಮುಚ್ಚಾಕತ್ತಾರಂತ.”

ಆ ಕಡೆ ಸ್ಕ್ರೂಡ್ರೈವರ್ ಕೆಳಗಿಟ್ಟ ಸದ್ದು ಕೇಳಿಸಿತು.

“ಈಗ ಮುಚ್ಚಳ ತೆರದೈತೇನ್ರಿ?”

“ಮತ್ತ ಅದನ್ನ ಕೇಳ್ತೀರಲ್ಲ...”

ಸರ್ದಾರಬಿ ಫೋನ್ ಕಿತ್ತುಕೊಂಡಳು. “ತೆರದೈತಪ್ಪ. ನನ್ನ ಎರಡೂ ಕಣ್ಣಿಲೆ ನೋಡಾಕತ್ತೀನಿ. ಹುಡುಗಿ ಮುಟ್ಟಿಲ್ಲ ಅದನ್ನ. ಏನಾರ ಮಾಡಪ್ಪ.”

ಫೋನ್ ಮರಳಿ ಬಂದಾಗ ಅವನ ದನಿ ಬೇರೆಯಾಗಿತ್ತು. “ನಿಮ್ಮ ಮಾತು ಖರೇ ಐತ್ರಿ. ನಾ ಯಂತ್ರದ ಮಾತು ನಂಬಿದೆ, ನಿಮ್ಮದು ನಂಬಲಿಲ್ಲ. ಬೈಯೋದಿದ್ರ ಆಮ್ಯಾಲ ಬೈಯಿರಿ. ಈಗ ನಾ ಹೇಳಿದಂಗ ಮಾಡ್ರಿ. ಮುಚ್ಚಳ ಮುಚ್ಚಿದ್ರೂ ಮಲಗಬ್ಯಾಡ ಅಂತ ಅದಕ್ಕ ಒಂದು ಸಾಲಿನ್ಯಾಗ ಹೇಳಬಹುದು.”

ಲ್ಯಾಪ್‌ಟಾಪ್ ಮತ್ತೆ ಎದ್ದ ಮೇಲೆ ಅವನು ಒಂದೊಂದೇ ಅಕ್ಷರ ಹೇಳಿದ. ಅವಳು ಎಡಗೈಯಲ್ಲಿ ಫೋನ್ ಹಿಡಿದು, ಹಲ್ಲು ಕಚ್ಚಿಕೊಂಡೇ ಟೈಪ್ ಮಾಡಿದಳು. ಎಲ್ಲಿ ದೊಡ್ಡಕ್ಷರ, ಎಲ್ಲಿ ಚಿಕ್ಕಕ್ಷರ ಎಂದು ಎರಡೆರಡು ಸಲ ಕೇಳಿದಳು. ಅವನು ಬೇಸರಿಸದೆ ಎರಡೆರಡು ಸಲ ಹೇಳಿದ. ಉಳಿಸಿ, ಆರಿಸಿ, ಮತ್ತೆ ಹಚ್ಚಿದಳು.

“ಈಗ ಬರೀರಿ. ಫೋನ್ ಇಡಬ್ಯಾಡ್ರಿ. ನಾ ಇರ್ತೀನಿ.”

ಅರ್ಜಿ ಮುಗಿಯುವವರೆಗೂ ಅವನು ಆ ಕಡೆ ಸುಮ್ಮನೆ ಇದ್ದ. ಅವಳಿಗೆ ಅವನ ಉಸಿರು ಕೇಳುತ್ತಿತ್ತು, ಅವನಿಗೆ ಅವಳ ಕೀಲಿಗಳ ಸದ್ದು. ಲ್ಯಾಪ್‌ಟಾಪ್ ಮಲಗಲಿಲ್ಲ. ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸರ್ದಾರಬಿಯ ಹೆಬ್ಬೆಟ್ಟು ಒತ್ತಿಸಿ, ಅವಳ ಕೈಹಿಡಿದು ಕಚೇರಿಗೆ ಓಡಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ಅರ್ಜಿಯ ಮೇಲೆ ಸ್ವೀಕೃತಿಯ ಸೀಲು ಬಿತ್ತು.

ಹೊರಗೆ ಬಂದಾಗ ಫೋನ್ ಇನ್ನೂ ಕಟ್ಟಾಗಿರಲಿಲ್ಲ.

“ಆತೇನ್ರಿ?”

“ಆತು.” ಥ್ಯಾಂಕ್ಸ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು. “ಇದು ಮ್ಯಾಲಿನ ಪಟ್ಟಿ ಆತು. ಗಾಯ ಏನಂತ ಗೊತ್ತಾಗಿಲ್ಲ. ನಾಳೆ ನೀವ ಬಂದು ನೋಡ್ರಿ. ನನ್ನ ಟೇಬಲ್‌ಗೆ. ನನ್ನ ಎದುರಿಗೆ.”

“ಬರ್ತೀನ್ರಿ.”

ಅವನು ಹತ್ತು ಗಂಟೆಗೇ ಬಂದ. ಬೈಕಿನ ಧೂಳು ಒರೆಸಿಕೊಂಡು ಸ್ಟೂಲಿನ ಮೇಲೆ ಕೂತ. ರಾಜಶ್ರೀ ಅವನಿಗೆ ನೀರು ಕೊಟ್ಟಳು, ಮುಖ ಕೊಡಲಿಲ್ಲ.

ಅವನು ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಕಿಟಕಿ ಇಟ್ಟ. ಮುಚ್ಚಳ ತೆರೆದಿದೆಯೋ ಮುಚ್ಚಿದೆಯೋ ಎಂದು ಲ್ಯಾಪ್‌ಟಾಪ್ ಕ್ಷಣಕ್ಷಣಕ್ಕೂ ಅಲ್ಲಿ ಹೇಳುತ್ತಿತ್ತು. ಅವನು ಟೈಪ್ ಮಾಡಿದ. ತೆರೆದಿದೆ. ಅರ್ಧ ಗಂಟೆ ಮಾಡಿದ. ತೆರೆದಿದೆ.

“ನೀವು ಮಾಡ್ರಿ.”

ಅವಳು ಕೂತು ಎರಡು ಸಾಲು ಹೊಡೆದಳು. ಮುಚ್ಚಿದೆ.

ಇಬ್ಬರೂ ಪರದೆಯತ್ತ ಬಾಗಿದರು. ಮುಚ್ಚಳ ಅವರ ಕಣ್ಣೆದುರು ಅಗಲವಾಗಿ ತೆರೆದಿತ್ತು. ಅವಳು ಬೆವರು ಒರೆಸಲು ಎಡಗೈ ಎತ್ತಿದಳು. ತೆರೆದಿದೆ. ಇಳಿಸಿದಳು. ಮುಚ್ಚಿದೆ.

“ಮೇಡಂ... ಎಡಗೈ ಎತ್ರಿ.”

ತೆರೆದಿದೆ.

“ಇಡ್ರಿ.”

ಮುಚ್ಚಿದೆ.

ಅವನ ಕಣ್ಣು ಅವಳ ಮಣಿಕಟ್ಟಿನ ಮೇಲೆ ನಿಂತಿತು. ಎರಡು ತಿಂಗಳ ಹಿಂದೆ ಸಿಂಧನೂರಿನ ಬಜಾರಿನಲ್ಲಿ ಅವಳು ಆಸೆಪಟ್ಟು ಕೊಂಡಿದ್ದ ವಾಚು. ಜಾಳಿಗೆಯಂಥ ಬೆಳ್ಳಿಬಣ್ಣದ ಪಟ್ಟಿ. ಕೊಂಡಿಯಿಲ್ಲ, ತುದಿ ತಾನೇ ಹೋಗಿ ಕಚ್ಚಿಕೊಳ್ಳುತ್ತದೆ.

“ಅದರ ಪಟ್ಟಿ ಅಯಸ್ಕಾಂತ ಐತೇನ್ರಿ?”

ಅವಳು ಮೆಲ್ಲನೆ ವಾಚು ಬಿಚ್ಚಿದಳು. ಅವನು ಅದನ್ನು ತೆಗೆದುಕೊಂಡು ಕೀಲಿಮಣೆಯ ಎಡಬದಿಗೆ ತಂದ. ಮುಚ್ಚಿದೆ. ದೂರ ಹಿಡಿದ. ತೆರೆದಿದೆ.

“ಮುಚ್ಚಳದಾಗ ಒಂದು ಸಣ್ಣ ಅಯಸ್ಕಾಂತ ಇರ್ತೈತಿ. ಅದು ಹತ್ರ ಬಂದ್ರ, ಮುಚ್ಚಳ ಮುಚ್ಚಿತು ಅಂತ ಇದು ತಿಳ್ಕೋತೈತಿ. ನಿಮ್ಮ ವಾಚನ್ನ ಮುಚ್ಚಳ ಅಂತ ತಿಳ್ಕೊಂಡೈತಿ. ಮನ್ಯಾಗ ವಾಚ್ ಬಿಚ್ಚಿಡ್ತೀರೇನು?”

ಬಿಚ್ಚಿಡುತ್ತಿದ್ದಳು. ಮನೆಯಲ್ಲಿ ಲ್ಯಾಪ್‌ಟಾಪ್ ಒಮ್ಮೆಯೂ ಸತ್ತಿರಲಿಲ್ಲ. ಅಂಗಡಿಯಲ್ಲಿ ಟೈಪ್ ಮಾಡಿದ್ದು ಅವನೇ.

ರಾಜಶ್ರೀಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಕಳ್ಳ ಅಂದಿದ್ದಳು. ತುಂಬಿದ ಅಂಗಡಿಯಲ್ಲಿ, ಬೀದಿಗೆ ಕೇಳುವಂತೆ. ಅವನು ಈಗಲೂ ಗೆದ್ದವನಂತೆ ಕೂತಿರಲಿಲ್ಲ. ವಾಚನ್ನು ಅವಳ ಕಡೆ ಸರಿಸಿ ಸುಮ್ಮನಿದ್ದ. ಆ ಸುಮ್ಮನಿರುವಿಕೆ ಅವಳನ್ನು ಮತ್ತೆ ಕೆರಳಿಸಿತು.

“ಆವತ್ತೂ ಹಿಂಗ ಸುಮ್ನ ನಿಂತ್ರಿ. ಆ ಮೀಸಿ ಮನುಷ್ಯಾ ನನಗ ಅಂಥಾ ಮಾತಂದಾಗ. ಕಳ್ಳ ಅಂದದ್ದು ನನ್ನ ತಪ್ಪು, ಅದನ್ನ ನಾ ನುಂಗಂಗಿಲ್ಲ. ಆದ್ರ ನೀವು ಯಾಕ ಸುಮ್ನ ನಿಂತ್ರಿ?”

ಅವನು ಬಾಯಿ ತೆರೆದ. ಮುಚ್ಚಿದ. “ಹೇಳ್ತೀನ್ರಿ... ಇವತ್ತಲ್ಲ.”

“ಹಂಗಾರ ಹೋಗ್ರಿ.”

ಅವನು ಎದ್ದು ಹೋದ.

ಆ ಸಂಜೆ ಅವಳು ರೊಟ್ಟಿ ಬಡಿಯುವ ಸದ್ದಿಗೆ ಸಂಗಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. “ಯಾರ ಮ್ಯಾಲ ಬೇ ಸಿಟ್ಟು?”

“ನನ್ನ ಮ್ಯಾಲ.”

“ಅಷ್ಟ?”

“ಇನ್ನೊಬ್ಬರ ಮ್ಯಾಲೂ.”

“ಆ ಇನ್ನೊಬ್ಬರು ಅಂದಾಗ ದನಿ ಬ್ಯಾರೆ ಆಗ್ತೈತಲ್ಲ ನಿಂದು.”

“ಯವ್ವಾ, ಸುಮ್ಕಿರು.”

ಆ ರಾತ್ರಿ ನಿದ್ದೆ ಹತ್ತಲಿಲ್ಲ; ರಾಜಶ್ರೀಗೆ ನಿದ್ದೆಗಿಂತ ನ್ಯಾಯ ದೊಡ್ಡದು. ತಪ್ಪಾಗಿ ಬಿದ್ದ ಒಂದು ಅಕ್ಷರವನ್ನು ತಿದ್ದದೆ ಬಿಟ್ಟವರ ಮೇಲೆ ಅವಳು ಹತ್ತು ವರ್ಷ ಹಲ್ಲು ಕಡಿದಿದ್ದಳು. ಈಗ ತಾನೇ ಒಬ್ಬನ ಹೆಸರಿಗೆ ಕಳ್ಳ ಎಂಬ ಮಾತು ಅಂಟಿಸಿ ಬಂದಿದ್ದಳು.

ಮರುದಿನ ಬೆಳಿಗ್ಗೆ, ಅಂಗಡಿ ತುಂಬಿರುವ ಹೊತ್ತು ನೋಡಿಯೇ ಹೋದಳು. ಮೀಸೆಯವರು ಅದೇ ಜಾಗದಲ್ಲಿ ಪೇಪರ್ ಹಿಡಿದಿದ್ದರು. ಚನ್ನವೀರ ಎದ್ದು ನಿಂತ.

“ಎಲ್ಲಾರೂ ಕೇಳ್ರಿ,” ಅಂದಳು. ದನಿ ಇವತ್ತೂ ಬೀದಿಗೆ ಕೇಳುವಂತಿತ್ತು. “ಮೊನ್ನೆ ನಾ ಇವರಿಗೆ ಕಳ್ಳ ಅಂದೆ. ಪಾರ್ಟ್ ಬದಲಿ ಮಾಡ್ಯಾರ ಅಂದೆ. ಸುಳ್ಳು ಅದು. ಕೆಟ್ಟಿದ್ದು ಲ್ಯಾಪ್‌ಟಾಪ್ ಅಲ್ಲ, ನನ್ನ ಕೈಯಾಗಿನ ವಾಚು ಅದನ್ನ ಮಲಗಿಸಾಕತ್ತಿತ್ತು. ಇವರ ಬಂದು ಕಂಡುಹಿಡಿದ್ರು. ಇವರ ಕೈ ಸ್ವಚ್ಛ ಐತಿ. ತಪ್ಪಾತು.”

ಯಾರೂ ಕಿಸಕ್ಕೆನ್ನಲಿಲ್ಲ.

ಅವಳು ಚನ್ನವೀರನ ಕಡೆ ತಿರುಗಿದಳು. “ನಂದು ಮುಗೀತು. ಈಗ ನಿಮ್ಮದು.”

ಅವನು ಕೌಂಟರಿನ ಹಲಗೆ ಎತ್ತಿ ಈಚೆ ಬಂದ. ಮೀಸೆಯವರ ಎದುರು ನಿಂತ.

“ಕಾಕಾ, ಆವತ್ತು ನೀವು ನೆಪ ಅಂದ್ರಿ. ಮೇಡಂ ನೆಪ ಮಾಡಿ ಬಂದಿರಲಿಲ್ಲ. ನಾನು ಆವಾಗ್ಲೇ ನಿಮ್ಮ ಬಾಯಿ ಮುಚ್ಚಿಸಬೇಕಾಗಿತ್ತು. ನನಗ ಬಾಯಿ ಬರಲಿಲ್ಲ. ಯಾಕಂದ್ರ ನೆಪ ಮಾಡಿದವ ನಾನು.” ಒಮ್ಮೆ ಉಸಿರೆಳೆದುಕೊಂಡ. “ಎರಡನೇ ಸಲ ಇವರು ಲ್ಯಾಪ್‌ಟಾಪ್ ತಂದಾಗ ಒಂದು ತಾಸಿನ್ಯಾಗ ಎಲ್ಲಾ ನೋಡಿ ಮುಗಿಸಿದ್ದೆ. ಆವತ್ತ ಕೊಡಬಹುದಾಗಿತ್ತು. ನಾಳೆ ಬರ್ರಿ, ನಾಳೆ ಬರ್ರಿ ಅಂತ ಮೂರು ದಿನ ಇಟ್ಕೊಂಡೆ. ಅದು ಕಳ್ಳತನಾನ. ಪಾರ್ಟ್ ಅಲ್ಲ, ಇವರ ಮೂರು ದಿನದ ಕೆಲಸ ಕದ್ದೆ.”

ಮೀಸೆಯವರು ಪೇಪರ್ ಮಡಚಿ, ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದರು.

ರಾಜಶ್ರೀ ತಿರುಗಿ ಹೊರಗೆ ನಡೆದಳು. ಅವನು ಹಿಂದೆಯೇ ಬಂದು ಬಸ್ ಸ್ಟ್ಯಾಂಡಿನ ನೆರಳಿನಲ್ಲಿ ಅವಳನ್ನು ಕೂಡಿಕೊಂಡ.

“ಮೂರು ದಿನ,” ಅಂದಳು ಅವಳು. ಕಣ್ಣು ತುಂಬಿದ್ದವು, ಸಿಟ್ಟಿನಿಂದಲೋ ಮತ್ತೊಂದರಿಂದಲೋ ಅವಳಿಗೇ ತಿಳಿಯಲಿಲ್ಲ. “ಮೂರು ದಿನ ನನ್ನ ಟೇಬಲ್ ಖಾಲಿ ಇತ್ತು. ಗುರುಗುಂಟಾದಿಂದ ಬಂದ ಇಬ್ಬರನ್ನ ತಿರುಗಿ ಕಳಿಸಿದೆ. ಬರೆಸಾಕ ಬಂದವರನ್ನ ತಿರುಗಿ ಕಳಿಸೂದು ಅಂದ್ರ ಏನಂತ ಗೊತ್ತೈತೇನು ನಿಮಗ?”

“ಆವಾಗ ಗೊತ್ತಿರಲಿಲ್ಲ. ಮೊನ್ನೆ ಫೋನ್‌ನ್ಯಾಗ ಸರ್ದಾರಬಿ ದನಿ ಕೇಳಿದ ಮ್ಯಾಲ ಗೊತ್ತಾತು.”

“ಯಾಕ ಇಟ್ಕೊಂಡ್ರಿ?”

“ನೀವು ನಾಳೆ ಬರ್ತೀರಂದ್ರ, ಇವತ್ತಿನ ದಿನ ಚೊಲೋ ಇರ್ತಿತ್ತು.”

ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರು ಬಸ್ ಬಂದು ನಿಂತಿತು. ಅವಳು ಮೆಟ್ಟಿಲು ಹತ್ತಿ ತಿರುಗಿದಳು.

“ಮೂರು ದಿನ ಕದ್ದೀರಲ್ಲ, ಮೂರು ದಿನ ವಾಪಸ್ ಕೊಡ್ರಿ. ಸೋಮವಾರದಿಂದ ನನ್ನ ಟೇಬಲ್‌ಗೆ ಬಂದು ಕುಂದರ್ರಿ. ಬರೆಸಾಕ ಬಂದವರಿಗೆ ಹೆಸರು ಕೇಳಿ ಬರಕೋರಿ. ಒಂದಕ್ಷರ ತಪ್ಪಿದ್ರ ಎಬ್ಬಿಸಿ ಕಳಿಸ್ತೀನಿ.”

ಅವನು ಬಂದ. ಮೊದಲ ದಿನ ಅವಳು ಅವನೊಂದಿಗೆ ಆಡಿದ ಮಾತುಗಳೆಲ್ಲ ಸರ್ವೆ ನಂಬರುಗಳು ಮತ್ತು ಊರಿನ ಹೆಸರುಗಳು. ಎರಡನೆಯ ದಿನ ಅವನು ಒಬ್ಬ ಮುದುಕನ ಹೆಸರನ್ನು ನಾಲ್ಕು ಸಲ ಕೇಳಿ, ಬರೆದದ್ದನ್ನು ಮುದುಕನಿಗೇ ಓದಿ ಹೇಳಿ ಒಪ್ಪಿಸುವುದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ಮಧ್ಯಾಹ್ನ ತನ್ನ ಬುತ್ತಿಯ ರೊಟ್ಟಿಯಲ್ಲಿ ಎರಡನ್ನು ಅವನ ಕಡೆ ತಳ್ಳಿದಳು, ಮುಖ ಗಂಟಿಕ್ಕಿಕೊಂಡೇ.

ಮೂರನೆಯ ದಿನ ಸಂಜೆ ಸರ್ದಾರಬಿ ಬಂದು, ತಕರಾರನ್ನು ಒಪ್ಪಿಕೊಂಡು ವಿಚಾರಣೆಯ ತಾರೀಕು ಕೊಟ್ಟಿದ್ದಾರೆ ಎಂದು ಹೇಳಿ ಇಬ್ಬರ ತಲೆಯ ಮೇಲೂ ಕೈಯಿಟ್ಟು ಹೋದಳು.

ಚನ್ನವೀರ ಸ್ಟೂಲು ಎತ್ತಿ ಮರಕ್ಕೆ ಒರಗಿಸಿದ. “ಮೂರು ದಿನ ಮುಗೀತ್ರಿ.”

“ಹೂಂ.”

ಅವನು ಹೋಗಲಿಲ್ಲ. ಅವಳು ಕಾಗದಗಳನ್ನು ಜೋಡಿಸಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

“ನನಗ ಸಿಟ್ಟು ಭಾಳ,” ಅಂದಳು ಕೊನೆಗೆ, ಅವನ ಕಡೆ ನೋಡದೆ.

“ಗೊತ್ತೈತ್ರಿ.”

“ಇವತ್ತು ನಾಳೆ ಹೋಗೂವಂಥದ್ದಲ್ಲ ಅದು.”

“ಹೋಗೂದು ಬ್ಯಾಡ. ಆವತ್ತು ಅಂಗಡ್ಯಾಗ ಬಂದು ನಿಂತು ನನ್ನ ಹೆಸರು ಸ್ವಚ್ಛ ಮಾಡಿದ್ದೂ ಅದ ಸಿಟ್ಟು ಅಲ್ಲೇನ್ರಿ? ಅಂಥಾ ಸಿಟ್ಟು ಮನ್ಯಾಗ ಇದ್ರ, ಮನ್ಯಾಗ ಸುಳ್ಳು ಇರಂಗಿಲ್ಲ.”

ಅವನು ‘ಮನಿ’ ಅಂದದ್ದು ಇಬ್ಬರ ಕಿವಿಗೂ ಒಟ್ಟಿಗೇ ತಾಕಿತು. ಅವನು ಗಲಿಬಿಲಿಗೊಂಡ. “ನಾ... ಅಂದ್ರ, ನಿಮಗ ಮನಸ್ಸಿದ್ರ...”

ರಾಜಶ್ರೀ ಚೀಲ ಹೆಗಲಿಗೆ ಹಾಕಿಕೊಂಡಳು. ಮುಖ ಬಿಗಿದಿತ್ತು. ತುಟಿಯ ತುದಿ ಮಾತ್ರ ಮಾತು ಕೇಳುತ್ತಿರಲಿಲ್ಲ.

“ಐತವಾರ ನಮ್ಮವ್ವ ಮನ್ಯಾಗ ಇರ್ತಾಳ. ನಿಮ್ಮ ಮನೀಯವರನ್ನ ಕರಕೊಂಡು ಬಾ. ಕೇಳೂದು ಆಕೀನ್ನ ಕೇಳು.”

ಅವನು ನಿಂತಲ್ಲೇ ನಿಂತ. “ಏನಂದ್ರಿ?”

“ಆಕೀನ್ನ ಕೇಳು ಅಂದೆ.”

“ಅಲ್ರೀ, ಅದರ ಮೊದಲು... ‘ಬಾ’ ಅಂದ್ರಿ.”

“ಹೂಂ, ಬಾ ಅಂದೆ. ತಡ ಮಾಡಿ ಬಂದ್ರ ಸಿಟ್ಟು ಬರ್ತೈತಿ.”

“ಬರ್ತೀನಿ, ರಾಜಶ್ರೀ,” ಅಂದ ಅವನು.